ಕಡಲ ಮೇಲಿನ ಬಂಗಲೆಯೂ ಗಲ್ಲಾಪೆಟ್ಟಿಗೆಯ ಲೆಕ್ಕವೂ

ಕಳೆದ ವಾರ ನಮ್ಮ ಕಚೇರಿಗೆ ಒಂದು ಕುಟುಂಬವು ತನ್ನ ವ್ಯಾಜ್ಯವನ್ನು ಹೊತ್ತುಕೊಂಡು ಬಂದಿತ್ತು. ತಂದೆಯವರು ಕೋಟೆ ವಿಭಾಗದ ಒಂದು ಹೋಟೇಲಿನಲ್ಲಿ ಕ್ಯಾಶಿಯರ್; ಹದಿನಾಲ್ಕರ ಪ್ರಾಯದಲ್ಲಿ ಕುಂದಾಪುರದ ಕಡೆಯಿಂದ ಕ್ಲೀನರನಾಗಿ ಬಂದವರು, ಹನ್ನೊಂದು ವರ್ಷ ಸಪ್ಲೈಯರನಾಗಿ ದುಡಿದು ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ಮುಟ್ಟಿದವರು. ತಾಯಿಯವರು ಡೊಂಬಿವಲಿಯ ಎರಡು ಕೋಣೆಗಳ ಮನೆಯನ್ನು ಬಿಟ್ಟರೆ ಊರಿನ ಮನೆಯನ್ನು ಮಾತ್ರ ಕಂಡವರು. ಮಗನು ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಮುಂದಿನ ಫೆಬ್ರವರಿಯಲ್ಲಿ ದಂಪತಿಗಳ ವಿವಾಹಕ್ಕೆ ೨೫ ವರ್ಷ ತುಂಬುತ್ತದೆ. ಅದರ ನೆನಪಿಗಾಗಿ ತಂದೆತಾಯಿಗಳನ್ನು ಮಾಲ್ದೀವ್ ದ್ವೀಪಗಳಿಗೆ ಕಳುಹಿಸಿ, ಸಮುದ್ರದೊಳಗೆ ಕಂಬ ನೆಟ್ಟು ನೀರಿನ ಮೇಲೆಯೇ ಕಟ್ಟಿದ ಬಂಗಲೆಯಲ್ಲಿ ಮೂರು ರಾತ್ರಿ ಇರಿಸಬೇಕೆಂಬುದು ಮಗನ ಸಂಕಲ್ಪ. ತಂದೆ ಒಲ್ಲೆನೆನ್ನುತ್ತಾರೆ. ತಾಯಿ ಮಾತಾಡುವುದಿಲ್ಲ.

"ನೀವು ಹೋಟೇಲು ನಡೆಸಿದವರು, ಈಗ ಪತ್ರಿಕೆ ನಡೆಸುವವರು. ಇವನಿಗೆ ಒಂದು ಮಾತು ಹೇಳಿ ಮಾರಾಯರೇ" ಎಂದರು ತಂದೆ.

"ಅಪ್ಪಯ್ಯನಿಗೇ ಒಂದು ಮಾತು ಹೇಳಿ ಮಾಮ" ಎಂದನು ಮಗ.

ಇದು ಒಂದು ಮನೆಯ ಮಾತೆಂದು ನಾವು ಸುಮ್ಮನಿರಬಹುದಾಗಿತ್ತು. ಆದರೆ ಇಂತಹ ಪ್ರಶ್ನೆ ಈಗ ನಮ್ಮ ವಾಚಕರ ಅನೇಕ ಮನೆಗಳಲ್ಲಿ ಏಳುತ್ತಿರುವುದನ್ನು ನಾವು ಬಲ್ಲೆವು. ನಮ್ಮ ತಂದೆಯವರ ಕಾಲದಲ್ಲಿ ಇದು ಏಳುತ್ತಿರಲಿಲ್ಲ. ಅಂದು ಹೋಟೇಲು ನೌಕರನಿಗೆ ಪ್ರಯಾಣವೆಂದರೆ ಊರಿಗೆ ಹೋಗುವುದು, ಹೆಚ್ಚೆಂದರೆ ಪಂಢರಪುರ. ಇಂದು ಮಕ್ಕಳ ಕೈಯಲ್ಲಿ ಸಂಬಳವಿದೆ, ಫೋನಿನಲ್ಲಿ ಚಿತ್ರಗಳಿವೆ. ಆದುದರಿಂದ ನಾವು ಆ ಕುಟುಂಬಕ್ಕೆ ಹೇಳಿದುದನ್ನು ಇಲ್ಲಿಯೂ ಬರೆಯುವುದು ಅಪ್ರಸ್ತುತವಾಗಲಾರದು.

ಮೊದಲು ಆ ಸ್ಥಳದ ವಿಚಾರ. ಮಾಲ್ದೀವ್ ಎಂಬುದು ಸುಮಾರು ೧,೨೦೦ ಹವಳದ ದ್ವೀಪಗಳ ದೇಶ. ಅವುಗಳಲ್ಲಿ ಜನವಸತಿಯುಳ್ಳವು ಇನ್ನೂರಕ್ಕೂ ಕಡಿಮೆ. ೧೯೬೫ರಲ್ಲಿ ಸ್ವತಂತ್ರವಾದ ಈ ದೇಶದಲ್ಲಿ ಪ್ರವಾಸೋದ್ಯಮವು ಪ್ರಾರಂಭವಾದುದು ೧೯೭೨ರ ಅಕ್ಟೋಬರಿನಲ್ಲಿ, ಕುರುಂಬಾ ಎಂಬ ದ್ವೀಪದಲ್ಲಿ. ಕುರುಂಬಾ ಎಂದರೆ ಅವರ ಭಾಷೆಯಲ್ಲಿ ಎಳನೀರಿನ ಕಾಯಿ. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು, ಮೂವತ್ತೇ ಕೋಣೆಗಳು. ಬಂದವರು ಇಟಲಿಯ ಪ್ರವಾಸಿಗರು. ನಮ್ಮವರು ಮಾಟುಂಗಾದಲ್ಲೋ ಗಿರಗಾಂವದಲ್ಲೋ ನಾಲ್ಕು ಮೇಜು ಹಾಕಿ ಪ್ರಾರಂಭಿಸಿದ ಹೋಟೇಲುಗಳಿಗಿಂತ ಅದೇನೂ ಬಹಳ ಭಿನ್ನವಾದ ಸಾಹಸವಲ್ಲ. ಇಂದು ಅಲ್ಲಿ ನೂರೆಪ್ಪತ್ತಕ್ಕೂ ಮಿಕ್ಕಿ ರಿಸಾರ್ಟುಗಳಿವೆ. ಒಂದು ದ್ವೀಪಕ್ಕೆ ಒಂದೇ ರಿಸಾರ್ಟು ಎಂಬುದು ಅಲ್ಲಿನ ಪದ್ಧತಿ. ದ್ವೀಪವಿಡೀ ಒಬ್ಬ ಮಾಲಕನ ಆಡಳಿತಕ್ಕೆ ಒಳಪಟ್ಟಿರುತ್ತದೆ. ಇದರ ಪರಿಣಾಮವೇನೆಂಬುದನ್ನು ಹೋಟೇಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಹಾ ದುಬಾರಿಯೆಂದು ತೋರಿದರೆ ಎದುರಿನ ಅಂಗಡಿಗೆ ಹೋಗುವ ಗಿರಾಕಿಯ ಸ್ವಾತಂತ್ರ್ಯವು ಅಲ್ಲಿಲ್ಲ. ಎದುರಿಗಿರುವುದು ಸಮುದ್ರ.

ನೀರಿನ ಮೇಲಿನ ಬಂಗಲೆಯಾದರೋ ಮಾಲ್ದೀವಿನದಲ್ಲ. ಅದು ಹುಟ್ಟಿದುದು ೧೯೬೭ರಲ್ಲಿ, ಪೆಸಿಫಿಕ್ ಸಾಗರದ ರಾಯಾತೆಯಾ ದ್ವೀಪದಲ್ಲಿ. ಅಲ್ಲಿ ಹೋಟೇಲು ಹಿಡಿದ ಮೂವರು ಅಮೆರಿಕನರಿಗೆ ಗಿರಾಕಿಗಳನ್ನು ಸೆಳೆಯಲು ಒಳ್ಳೆಯ ಮರಳತೀರವಿರಲಿಲ್ಲ. ತೀರವಿಲ್ಲದಿದ್ದರೆ ನೀರಿನ ಮೇಲೆಯೇ ಗುಡಿಸಲು ಕಟ್ಟೋಣವೆಂದು ಹವಳದ ದಿಬ್ಬದ ಮೇಲೆ ಕಂಬಗಳನ್ನು ನಿಲ್ಲಿಸಿದರು. ಜಾಗದ ಕೊರತೆಯನ್ನೇ ವೈಭವವೆಂದು ಮಾರಿದ ಆ ಮೂವರ ವ್ಯಾಪಾರಬುದ್ಧಿಗೆ ನಾವು ಹೋಟೇಲಿನವರು ಕೈಮುಗಿಯಲೇಬೇಕು. ಬಂಗಲೆ ಎಂಬ ಪದವಂತೂ ಬಂಗಾಳದ ಹುಲ್ಲುಮಾಡಿನ ಮನೆಯಿಂದ ಬಂದುದು.

ಇನ್ನು ಬಿಲ್ಲಿನ ವಿಷಯ. ಮಗನು ತಂದಿದ್ದ ಕಾಗದವನ್ನು ನಾವು ಕನ್ನಡಕ ಹಾಕಿಕೊಂಡು ಓದಿದೆವು. ದಪ್ಪ ಅಕ್ಷರದಲ್ಲಿ ರಾತ್ರಿಯೊಂದಕ್ಕೆ ೫೦೦ ಡಾಲರ್ ಎಂದಿತ್ತು. ಮೂರು ರಾತ್ರಿಗೆ ೧,೫೦೦. ಹುಡುಗನು ಇದನ್ನು ರೂಪಾಯಿಗೆ ಪರಿವರ್ತಿಸಿ ಸಂತೋಷದಲ್ಲಿದ್ದನು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನಾದರೂ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿರಲಿಲ್ಲ. ಅದರ ಮೇಲೆ ಶೇಕಡಾ ೧೦ ಸರ್ವಿಸ್ ಚಾರ್ಜು: ೧೫೦. ಎರಡನ್ನೂ ಕೂಡಿಸಿ ಬಂದ ೧,೬೫೦ರ ಮೇಲೆ ಸರಕಾರದ ಪ್ರವಾಸಿ ತೆರಿಗೆ. ಇದು ೨೦೨೫ರ ಜುಲೈ ಒಂದರಿಂದ ಶೇಕಡಾ ೧೭ಕ್ಕೆ ಏರಿದೆ: ೨೮೦ ಡಾಲರ್ ೫೦ ಸೆಂಟು. ತೆರಿಗೆಯನ್ನು ಸರ್ವಿಸ್ ಚಾರ್ಜಿನ ಮೇಲೂ ಹಾಕುತ್ತಾರೆಂಬುದನ್ನು ವಾಚಕರು ಗಮನಿಸಬೇಕು. ಬಳಿಕ ಹಸಿರು ತೆರಿಗೆ. ರಿಸಾರ್ಟುಗಳಲ್ಲಿ ತಲೆಗೆ ದಿನಕ್ಕೆ ಆರು ಡಾಲರ್ ಇದ್ದುದು ೨೦೨೫ರ ಜನವರಿಯಿಂದ ಹನ್ನೆರಡಾಗಿದೆ. ಇಬ್ಬರಿಗೆ ಮೂರು ದಿನಕ್ಕೆ ೭೨. ಅಲ್ಲಿಗೆ ಸಾವಿರದೈನೂರು ಎಂದು ತೋರಿಸಿದ ಮೊತ್ತವು ೨,೦೦೨ ಡಾಲರ್ ೫೦ ಸೆಂಟು ಆಯಿತು. ಡಾಲರನ್ನು ೯೦ ರೂಪಾಯಿಯೆಂದು ಹಿಡಿದರೆ ೧,೮೦,೨೨೫ ರೂಪಾಯಿ.

ಇಷ್ಟಾದರೂ ದಂಪತಿಗಳು ಇನ್ನೂ ಮಾಲೆಯ ವಿಮಾನ ನಿಲ್ದಾಣದಲ್ಲಿಯೇ ನಿಂತಿದ್ದಾರೆ. ಅಲ್ಲಿಂದ ದೂರದ ದ್ವೀಪಕ್ಕೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಹೋಗಬೇಕು. ಹೋಗಿಬರಲು ಒಬ್ಬೊಬ್ಬರಿಗೆ ನಾಲ್ಕುನೂರು ಡಾಲರ್ ಆಗುವುದು ಸಾಮಾನ್ಯ. ಇಬ್ಬರಿಗೆ ಎಪ್ಪತ್ತೆರಡು ಸಾವಿರ ರೂಪಾಯಿ. ಈ ವಿಮಾನಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ. ಮುಂಬಯಿಯ ವಿಮಾನವು ಸಂಜೆ ತಲುಪಿದರೆ ಒಂದು ರಾತ್ರಿ ಮಾಲೆಯಲ್ಲಿ ಬೇರೆ ಹಣ ತೆತ್ತು ಮಲಗಬೇಕು. ಮಗನ ಕಾಗದದಲ್ಲಿ ಬೆಳಗಿನ ಉಪಾಹಾರ ಮಾತ್ರ ಸೇರಿತ್ತು. ಮಧ್ಯಾಹ್ನ, ರಾತ್ರಿ, ನಡುವಿನ ಚಹಾ ಎಲ್ಲವೂ ಡಾಲರಿನಲ್ಲಿ. ಮೀನು ಮತ್ತು ತೆಂಗಿನಕಾಯಿಯ ಹೊರತು ಅಲ್ಲಿ ಹೆಚ್ಚಿನದೆಲ್ಲ ಹೊರದೇಶಗಳಿಂದಲೇ ಬರಬೇಕು. ೧೯೮೧ರ ಒಪ್ಪಂದದ ಮೇರೆಗೆ ಭಾರತವೇ ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಈರುಳ್ಳಿ, ಬಟಾಟೆಗಳನ್ನು ಅಲ್ಲಿಗೆ ಕಳುಹಿಸುತ್ತ ಬಂದಿದೆ. ವಾಶಿಯ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ತರುವ ಈರುಳ್ಳಿಯನ್ನು ಅಲ್ಲಿ ಬಾಯಿ ಮುಚ್ಚಿಕೊಂಡು ಉಣ್ಣಬೇಕಾಗುತ್ತದೆ.

ಒಟ್ಟಿನಲ್ಲಿ, ಮುಂಬಯಿಯಿಂದ ಹೋಗಿಬರುವ ವಿಮಾನದ ಟಿಕೇಟೂ ಎರಡು ಹೊತ್ತಿನ ಊಟವೂ ಸೇರದೆಯೇ ಮೊತ್ತವು ೨,೫೨,೨೨೫ ರೂಪಾಯಿಗೆ ನಿಂತಿತು. ಸೇರಿದರೆ ಮೂರೂವರೆ ಲಕ್ಷಕ್ಕೆ ಕಡಿಮೆಯಾಗದು. ನಾವು ಕಾಗದವನ್ನು ಕೆಳಗಿಟ್ಟು, "ತಮ್ಮಾ, ಇಷ್ಟು ಹಣ ನಿನ್ನ ಪಾಸುಪುಸ್ತಕದಲ್ಲಿ ಇದೆಯೋ?" ಎಂದು ಕೇಳಿದೆವು. ಅವನು ತಂದೆಯ ಮುಖವನ್ನು ನೋಡದೆ, "ಕಂತಿನ ಮೇಲೆ ಸಿಗುತ್ತದೆ ಮಾಮ. ಇಪ್ಪತ್ನಾಲ್ಕು ತಿಂಗಳು" ಎಂದನು. ತಂದೆಯವರಿಗೆ ಈ ಸಂಗತಿ ಅದುವರೆಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತು ಕಚೇರಿಯಲ್ಲಿ ಪಂಖದ ಸದ್ದು ಮಾತ್ರ ಕೇಳಿಸುತ್ತಿತ್ತು.

ಆದರೂ ನಾವು ತಂದೆಯ ಪಕ್ಷವನ್ನು ಸಂಪೂರ್ಣವಾಗಿ ಹಿಡಿಯಲಿಲ್ಲ. ಏಕೆಂದರೆ ಅವರ ನಿರಾಕರಣೆಗೆ ಹಣವು ಅರ್ಧ ಕಾರಣ ಮಾತ್ರ. ಮಿಕ್ಕರ್ಧವನ್ನು ಅವರೇ ಹೇಳಿದರು: "ತಟ್ಟೆ ಎತ್ತಿದ ಕೈ ಇದು. ಇನ್ನೊಬ್ಬ ಹುಡುಗ ನನ್ನ ಎದುರು ಕೈಕಟ್ಟಿ ನಿಂತರೆ ನನಗೆ ತುತ್ತು ಇಳಿಯುವುದಿಲ್ಲ."

ಈ ಮಾತನ್ನು ಈ ಲೇಖಕನು ಬಲ್ಲನು. ಕೆಲವು ವರ್ಷಗಳ ಹಿಂದೆ ಹೋಟೇಲು ಮಾಲಕರ ಒಂದು ಸಭೆಗಾಗಿ ಗೋವೆಗೆ ಹೋಗಿದ್ದಾಗ ಸಮುದ್ರತೀರದ ಇಂತಹುದೇ ಒಂದು ಬಂಗಲೆಯಲ್ಲಿ ನಮ್ಮನ್ನು ಇಳಿಸಿದ್ದರು. ಖರ್ಚು ಸಭೆಯದು. ಮೆತ್ತನೆಯ ಹಾಸಿಗೆ, ಕಿಟಿಕಿಯಾಚೆ ಅಲೆಯ ಸದ್ದು. ಆದರೂ ಬೆಳಗಿನ ನಾಲ್ಕೂವರೆಗೆ ಎಚ್ಚರವಾಯಿತು. ಇಡ್ಲಿಪಾತ್ರೆಯನ್ನು ಒಲೆಗೇರಿಸುವ ಹೊತ್ತು ಅದು. ಇಪ್ಪತ್ತು ವರ್ಷಗಳ ಅಭ್ಯಾಸ ಹಾಸಿಗೆಗೆ ಮಣಿಯುವುದಿಲ್ಲ. ಎದ್ದು ತಿರುಗಾಡುತ್ತ ಕಾಲು ತಾನಾಗಿ ಅಡಿಗೆಮನೆಯ ಹಿಂಬಾಗಿಲಿಗೆ ಒಯ್ದಿತು. ಅಲ್ಲಿ ರಾತ್ರಿಪಾಳಿ ಮುಗಿಸಿದ ಹುಡುಗರು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು. ನಮ್ಮನ್ನು ಕಂಡೊಡನೆ ಒಬ್ಬನು ಲೋಟ ಕೆಳಗಿಟ್ಟು ಎದ್ದುನಿಂತು ಇಂಗ್ಲಿಷಿನಲ್ಲಿ ಏನು ಬೇಕೆಂದು ವಿಚಾರಿಸಿದನು. ಅವನ ಮಾತಿನ ರಾಗದಿಂದಲೇ ನಮಗೆ ಗೊತ್ತಾಯಿತು. "ಯಾವ ಊರು?" ಎಂದು ಕನ್ನಡದಲ್ಲಿ ಕೇಳಿದೆವು. "ಬೈಂದೂರು, ಸಾರ್." ಎರಡು ನಿಮಿಷಗಳಲ್ಲಿ ಸಾರ್ ಹೋಗಿ ಅಣ್ಣ ಬಂದಿತು, ನಮಗೂ ಒಂದು ಲೋಟ ಚಹಾ ಬಂದಿತು. ಆ ಬಂಗಲೆಯಲ್ಲಿ ನಾವು ರುಚಿಯಿಂದ ಕುಡಿದುದು ಅದೊಂದನ್ನೇ.

ಹಿಂದಿರುಗಿ ಬಂದ ಮೇಲೆ ಬಹಳ ದಿನ ಆ ಮಾತನ್ನು ಯೋಚಿಸಿದ್ದೇವೆ. ಸೇವೆ ಮಾಡಿಸಿಕೊಳ್ಳಲು ನಮಗೆ ಆಗುವ ಸಂಕೋಚದಲ್ಲಿ ಕರುಣೆಯು ಸ್ವಲ್ಪವಿರಬಹುದು. ನಮ್ಮ ಕೆಲಸವು ಹೀನವಾದುದೆಂಬ ಅಳುಕು ಅದಕ್ಕಿಂತ ಹೆಚ್ಚಾಗಿದೆ. ಬೈಂದೂರಿನ ಆ ಹುಡುಗನಿಗೆ ಬೇಕಾಗಿದ್ದುದು ಗಿರಾಕಿ. ಎಲ್ಲರೂ ಸಂಕೋಚಪಟ್ಟು ಮನೆಯಲ್ಲಿಯೇ ಕುಳಿತರೆ ಅವನ ಮನೆಯ ಒಲೆ ಉರಿಯುವುದು ಹೇಗೆ? ನಮ್ಮ ಮಿತ್ರರು ತಟ್ಟೆ ಎತ್ತಿದುದರಿಂದಲೇ ಮಗನು ಬ್ಯಾಂಕಿನ ಕುರ್ಚಿಯಲ್ಲಿ ಕುಳಿತಿರುವುದು. ಮಾಲ್ದೀವಿನ ರಿಸಾರ್ಟುಗಳಲ್ಲಿಯೂ ಆ ದೇಶದವರೊಡನೆ ಬಂಗಾಳದವರು, ಸಿಂಹಳದವರು, ನಮ್ಮ ದೇಶದವರು ತಿಂಗಳುಗಟ್ಟಲೆ ಮನೆಯವರ ಮುಖ ಕಾಣದೆ ದುಡಿದು ಹಣ ಕಳುಹಿಸುತ್ತಾರೆ. ಹಾಗೆ ದುಡಿದವನೇ ಅತಿಥಿಯಾಗಿ ಹೋದರೆ ಅವರಿಗೆ ನಷ್ಟವೇನು? ಅವರ ಹೆಸರು ಕೇಳುವ ಒಬ್ಬ ಅತಿಥಿಯಾದರೂ ಸಿಕ್ಕಿದಂತಾಯಿತು.

ಒಂದು ಸಂಗತಿಯನ್ನು ನಮ್ಮ ಹೋಟೇಲು ಕಾರ್ಮಿಕರು ವಿಶೇಷವಾಗಿ ತಿಳಿದಿರಬೇಕು. ಅಲ್ಲಿ ಬಿಲ್ಲಿನ ಮೇಲೆ ವಸೂಲಾದ ಸರ್ವಿಸ್ ಚಾರ್ಜಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಕೆಲಸಗಾರರಿಗೆ ಸಮನಾಗಿ ಹಂಚಬೇಕೆಂದು ಕಾಯಿದೆಯೇ ಇದೆ. ನಮ್ಮಲ್ಲಿ ಸರ್ವಿಸ್ ಚಾರ್ಜನ್ನು ಗಿರಾಕಿಯ ಮೇಲೆ ಕಡ್ಡಾಯವಾಗಿ ಹೇರಕೂಡದೆಂದು ೨೦೨೨ರಲ್ಲಿ ಗ್ರಾಹಕ ಪ್ರಾಧಿಕಾರವು ಸೂಚನೆ ಹೊರಡಿಸಿತು. ೨೦೨೫ರ ಮಾರ್ಚಿಯಲ್ಲಿ ದಿಲ್ಲಿಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಗಿರಾಕಿಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ನಮ್ಮಲ್ಲಿ ಆ ಹಣವನ್ನು ಪಡೆಯುತ್ತಿದ್ದಾಗ ಅದರಲ್ಲಿ ಮಾಣಿಯ ಕೈಗೆ ಎಷ್ಟು ಬೀಳುತ್ತಿತ್ತೆಂಬುದನ್ನು ಮಾಲಕನಾಗಿದ್ದ ನಾವು ಬಾಯಿಬಿಟ್ಟು ಹೇಳದಿರುವುದೇ ಲೇಸು. ಮಿತ್ರರಿಗೆ ನಾವು ಹೇಳಿದೆವು: ಆ ನೂರೈವತ್ತು ಡಾಲರನ್ನು ಕುರಿತು ಮರುಗಬೇಡಿ, ಬಿಲ್ಲಿನಲ್ಲಿ ಕಣ್ಣಿಗೆ ಒತ್ತಿಕೊಳ್ಳಬಹುದಾದ ಸಾಲು ಅದೊಂದೇ.

ತಂದೆಯವರ ಕೊನೆಯ ಅಸ್ತ್ರವೂ ನಮಗೆ ಪರಿಚಿತವೇ. "ಕಡಲು ನೋಡಲಿಕ್ಕೆ ಮಾಲ್ದೀವಿಗೆ ಯಾಕೆ? ನಮ್ಮ ಮನೆಯಿಂದ ಕಡಲಕರೆಗೆ ನಾಲ್ಕು ಹೆಜ್ಜೆ. ಊರಿಗೆ ಹೋಗಿ ಎಂಟು ದಿನ ಇದ್ದು ಬಂದರೆ ಆಗುವುದಿಲ್ಲವೇ?"

ಆಗುವುದಿಲ್ಲ. ಈ ಒಂದು ವಿಷಯದಲ್ಲಿ ನಾವು ಮಗನ ಕಡೆಗೆ ಇದ್ದೇವೆ. ಊರಿಗೆ ಹೋಗುವುದನ್ನು ರಜೆಯೆಂದು ಕರೆಯುವ ಭ್ರಮೆಯಲ್ಲಿ ನಾವು ಮುಂಬಯಿ ಕನ್ನಡಿಗರು ಎರಡು ತಲೆಮಾರು ಕಳೆದಿದ್ದೇವೆ. ರೈಲಿನಿಂದ ಇಳಿದ ದಿನವೇ ಮಾಡಿನ ಹಂಚು ಒಡೆದುದು, ಬಾವಿಯ ಪಂಪು ಕೆಟ್ಟುದು, ತಮ್ಮನ ಪಾಲುಪಟ್ಟಿ, ತಂಗಿಯ ಮಗಳ ಸಂಬಂಧ, ದೈವದ ಕೋಲಕ್ಕೆ ವಂತಿಗೆ, ಎಲ್ಲವೂ ಅಂಗಳದಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಗಂಡಸರಾದರೂ ಸಂಜೆ ಪೇಟೆಯ ಕಡೆ ಹೋಗಿ ನಾಲ್ಕು ಮಾತಾಡಿ ಬರುತ್ತಾರೆ. ಮುಂಬಯಿಯಿಂದ ಬಂದ ಸೊಸೆಗೆ ಇಲ್ಲಿ ನಾಲ್ಕು ಮಂದಿಗೆ ಬೇಯಿಸುತ್ತಿದ್ದುದರ ಬದಲು ಅಲ್ಲಿ ಹದಿನಾಲ್ಕು ಮಂದಿಗೆ ಬೇಯಿಸುವ ಕೆಲಸ. ಕಡಲಕರೆಗೆ ನಾಲ್ಕೇ ಹೆಜ್ಜೆ ನಿಜ. ಆ ನಾಲ್ಕು ಹೆಜ್ಜೆ ನಡೆಯಲು ಆಕೆಗೆ ಪುರಸೊತ್ತು ಸಿಕ್ಕಿದ ವರ್ಷ ಯಾವುದು? ಮಿತ್ರರನ್ನು ಹೀಗೆ ಕೇಳಿದಾಗ ಅವರು ಪತ್ನಿಯ ಕಡೆಗೆ ತಿರುಗಿ ನೋಡಿದರು. ಆಕೆ ಸೆರಗಿನ ಅಂಚನ್ನು ನೋಡುತ್ತಿದ್ದರು. ನಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಿದರೆ ಉತ್ತರವು ಬೇರೆಯಾಗಿರಲಾರದೆಂದು ಒಪ್ಪಿಕೊಳ್ಳಲೇಬೇಕು.

ಹೋಗುವುದಾದರೆ ಮಾಲ್ದೀವಿಗೇ ಏಕೆ, ನಮ್ಮ ಲಕ್ಷದ್ವೀಪವಿಲ್ಲವೇ ಎಂದು ಕೆಲವು ವಾಚಕರು ಕೇಳಬಹುದು. ೨೦೨೪ರ ಜನವರಿಯಲ್ಲಿ ನಮ್ಮ ಪ್ರಧಾನಿಯವರ ಲಕ್ಷದ್ವೀಪ ಭೇಟಿಯನ್ನು ಕುರಿತು ಮಾಲ್ದೀವಿನ ಉಪಮಂತ್ರಿಗಳು ಆಡಿದ ಅವಿವೇಕದ ಮಾತುಗಳಿಂದ ಈ ಪ್ರಶ್ನೆಗೆ ಕಾವು ಬಂದಿತು. ೨೦೨೩ರಲ್ಲಿ ಅಲ್ಲಿಗೆ ಹೋದ ಭಾರತೀಯರು ಎರಡು ಲಕ್ಷಕ್ಕೂ ಹೆಚ್ಚು, ಎಲ್ಲ ದೇಶದವರಿಗಿಂತ ಮೊದಲು; ೨೦೨೪ರಲ್ಲಿ ಆ ಸಂಖ್ಯೆ ಸುಮಾರು ಒಂದು ಲಕ್ಷ ಮೂವತ್ತು ಸಾವಿರಕ್ಕೆ ಇಳಿಯಿತು. ೨೦೨೫ರ ಜುಲೈಯಲ್ಲಿ ನಮ್ಮ ಪ್ರಧಾನಿಯವರೇ ಅವರ ಸ್ವಾತಂತ್ರ್ಯೋತ್ಸವಕ್ಕೆ ಮಾಲೆಗೆ ಹೋಗಿಬಂದರು. ದೊಡ್ಡವರ ಮುನಿಸು ಹೀಗೆ ಬಂದು ಹೀಗೆ ಹೋಗುತ್ತದೆ. ಬೆಳ್ಳಿಹಬ್ಬದ ದಂಪತಿಗಳು ಅದನ್ನು ತಲೆಯ ಮೇಲೆ ಹೊರಬೇಕಾಗಿಲ್ಲ.

ಆದರೆ ಲಕ್ಷದ್ವೀಪದ ಬಗ್ಗೆ ನಮಗೆ, ಅದರಲ್ಲಿಯೂ ಕರಾವಳಿಯವರಿಗೆ, ಬೇರೆಯೇ ಒಂದು ಸಲಿಗೆಯಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ೧೯೫೬ರ ನವೆಂಬರ್ ಒಂದರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ಕಾಗದಪತ್ರ ನಡೆಯುತ್ತಿದ್ದುದು ಮಂಗಳೂರಿನ ಕಲೆಕ್ಟರರ ಕಚೇರಿಯಲ್ಲಿ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ದೋಣಿಯಲ್ಲಿ ತಂದು ಮಂಗಳೂರಿನಲ್ಲಿ ಸರಕಾರಕ್ಕೆ ಒಪ್ಪಿಸಿ ಅಕ್ಕಿ ಒಯ್ಯುತ್ತಿದ್ದರು. ಮಂಗಳೂರಿನ ಹಳೆಯ ಬಂದರಿನಿಂದ ಸಾಮಾನು ತುಂಬಿದ ಮಂಜಿಗಳು ಈಗಲೂ ಅಲ್ಲಿಗೆ ಹೋಗುತ್ತವೆ. ಎಲ್ಲಕ್ಕಿಂತ ದಕ್ಷಿಣದ ಮಿನಿಕಾಯಿಯಲ್ಲಿಯಂತೂ ಮಾಲ್ದೀವಿನ ಭಾಷೆಯನ್ನೇ ಆಡುತ್ತಾರೆ. ಅಲ್ಲಿಯ ತಿಳಿನೀರು, ಬಿಳಿ ಮರಳು ಮಾಲ್ದೀವಿನದಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ. ತೊಡಕು ಇರುವುದು ಬೇರೆ ಕಡೆ: ಭಾರತೀಯನಾದರೂ ಮುಂಚಿತವಾಗಿ ಪರವಾನಗಿ ಪಡೆಯಬೇಕು, ಹಡಗಿಗೂ ವಿಮಾನಕ್ಕೂ ಕೊಚ್ಚಿಗೆ ಹೋಗುವುದೇ ವಾಡಿಕೆ, ವಸತಿ ಕಡಿಮೆ. ಮಾಲ್ದೀವಿನಲ್ಲಾದರೋ ಭಾರತೀಯರಿಗೆ ಇಳಿದಲ್ಲಿಯೇ ಪ್ರವೇಶದ ಮುದ್ರೆ ಬೀಳುತ್ತದೆ, ಅದಕ್ಕೆ ಹಣವಿಲ್ಲ. ಸ್ವಂತ ದೇಶದ ದ್ವೀಪಕ್ಕಿಂತ ಪರದೇಶದ ದ್ವೀಪಕ್ಕೆ ಹೋಗುವುದು ಸುಲಭವಾಗಿರುವುದು ವಿಚಿತ್ರವಾದರೂ ಸತ್ಯ. ಅಲ್ಲಿಯ ಜನರ ನೆಲ ನೀರು ಉಳಿಯಬೇಕಾದರೆ ಬಿಗಿ ಇರಬೇಕೆಂಬುದನ್ನೂ ನಾವು ಅಲ್ಲಗಳೆಯೆವು.

ಇಷ್ಟೆಲ್ಲ ಆದ ಮೇಲೆ ನಮಗೆ ಒಂದು ಸಂಗತಿ ಹೊಳೆಯಿತು. ಎರಡು ಗಂಟೆಯಿಂದ ಮೂವರು ಗಂಡಸರು ವಾದಿಸುತ್ತಿದ್ದೆವು. ಯಾರ ಮದುವೆಯ ಬೆಳ್ಳಿಹಬ್ಬವೋ ಅವರಲ್ಲಿ ಒಬ್ಬರನ್ನು ಯಾರೂ ಕೇಳಿರಲಿಲ್ಲ. "ಅಕ್ಕಾ, ನಿಮ್ಮ ಮನಸ್ಸಿನಲ್ಲಿ ಏನಿದೆ?" ಎಂದೆವು.

ಆಕೆ ಗಂಡನನ್ನೂ ಮಗನನ್ನೂ ನೋಡದೆ ಹೇಳಿದರು: "ನೀರಿನ ಮೇಲೆ ಮಲಗಲಿಕ್ಕೆ ನನಗೆ ಹೆದರಿಕೆ. ಕರೆಯಲ್ಲೇ ಮನೆ ಇದ್ದರೆ ಸಾಕು. ಆದರೆ ಹೋಗಬೇಕು ಅಂತ ಉಂಟು."

ಆಮೇಲೆ ತೀರ್ಪು ಕಷ್ಟವಾಗಲಿಲ್ಲ. ಹೋಗಬೇಕು. ಸಾಲ ಮಾಡಿ ಹೋಗಕೂಡದು. ಮೂರು ದಿನದ ನೆಮ್ಮದಿಗೆ ಇಪ್ಪತ್ನಾಲ್ಕು ತಿಂಗಳ ಕಂತು ಕಟ್ಟುವ ಮನೆಯಲ್ಲಿ ತಾಯಿಯು ತಾನು ಮಲಗಿದ ಆ ಹಾಸಿಗೆಯನ್ನು ಪ್ರತಿ ತಿಂಗಳ ಐದನೆಯ ತಾರೀಖಿಗೆ ನೆನೆದು ಕೊರಗುತ್ತಾಳೆ. ಆ ಕಂತಿನ ಹಣವನ್ನೇ ಮಗನು ಮುಂಚಿತವಾಗಿ ತಿಂಗಳು ತಿಂಗಳು ಬ್ಯಾಂಕಿನಲ್ಲಿ ಇಡಲಿ. ನೀರಿನ ಮೇಲಿನ ಬಂಗಲೆ ಬೇಡ. ಅದೇ ದ್ವೀಪದಲ್ಲಿ ಮರಳ ಮೇಲಿನ ಬಂಗಲೆಯ ಬಾಡಿಗೆ ಸಾಮಾನ್ಯವಾಗಿ ಕಡಿಮೆ. ಮಾಲೆಗೆ ಹತ್ತಿರದ ದ್ವೀಪವಾದರೆ ಯಾಂತ್ರಿಕ ದೋಣಿಯಲ್ಲಿಯೇ ಹೋಗಬಹುದು, ಸಣ್ಣ ವಿಮಾನದ ಖರ್ಚು ತಪ್ಪುತ್ತದೆ. ಎರಡು ಹೊತ್ತಿನ ಊಟ ಸೇರಿದ ದರವನ್ನೇ ಕೇಳಬೇಕು. ಕ್ರಿಸ್ಮಸ್ಸು, ಹೊಸವರ್ಷದ ವಾರವನ್ನು ಮುಟ್ಟಲೇಬಾರದು. ಆಗ ಅನೇಕ ರಿಸಾರ್ಟುಗಳಲ್ಲಿ ಔತಣದ ಊಟಕ್ಕೆ ಕಡ್ಡಾಯವಾಗಿ ಬೇರೆ ಹಣ ಎಣಿಸುತ್ತಾರೆ. ಇಷ್ಟೂ ಹೊರೆಯೆಂದು ತೋರಿದರೆ ಜನವಸತಿಯ ದ್ವೀಪಗಳಲ್ಲಿ ಸುಮಾರು ೨೦೧೦ರಿಂದ ಈಚೆಗೆ ಸ್ಥಳೀಯರೇ ನಡೆಸುವ ಸಣ್ಣ ವಸತಿಗೃಹಗಳಿವೆ. ಅಲ್ಲಿ ಮದ್ಯವಿಲ್ಲ, ಆಡಂಬರವಿಲ್ಲ, ಸಮುದ್ರ ಅದೇ. ನಮ್ಮ ಮಿತ್ರರಿಗೆ ಈ ಕೊನೆಯ ಮಾತು ಹಿಡಿಸಿತು. ಮಗನಿಗೆ ಹಿಡಿಸಲಿಲ್ಲ.

"೨೫ನೆಯ ವರ್ಷ ಮತ್ತೆ ಬರುತ್ತದೆಯೇ ಮಾಮ?" ಎಂದನು.

"೨೬ನೆಯದು ಬರುತ್ತದೆ" ಎಂದರು ತಾಯಿ. ಆ ದಿನ ಅವರಾಡಿದ ಎರಡನೆಯ ಮಾತು ಅದು.

ಹೊರಡುವಾಗ ನಾವು ಸಹಜವಾಗಿ ಪಾಸ್‌ಪೋರ್ಟುಗಳ ವಿಷಯವನ್ನು ವಿಚಾರಿಸಿದೆವು. ಮಗನಲ್ಲಿ ಇದೆ. ತಂದೆಗೂ ತಾಯಿಗೂ ಇಲ್ಲ. ಇಷ್ಟು ದಿನ ಯಾರಿಗೂ ಅದು ನೆನಪಾಗಿರಲಿಲ್ಲ. ಅದರ ಮೇಲೆ ತಾಯಿಯವರ ಹೆಸರು ರೇಶನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಸರಿಪಡಿಸಲು ಅವರು ಐದನೆಯ ತರಗತಿಯವರೆಗೆ ಕಲಿತ ಶಾಲೆಯಿಂದ ಸರ್ಟಿಫಿಕೇಟು ತರಿಸಬೇಕಾಗಿದೆ. ಆ ಕೆಲಸಕ್ಕಾಗಿ ದಂಪತಿಗಳು ಬರುವ ತಿಂಗಳು ಹದಿನೈದು ದಿನಗಳ ರಜೆ ಹಾಕಿ ಊರಿಗೆ ಹೋಗುತ್ತಿದ್ದಾರೆ.